ಕೇಳದೆ ಬರೆದ ಅರ್ಜಿ

ಜೇವರ್ಗಿಯ ನಮ್ಮ ವಕೀಲರಿಗೆ ಯಾರ ಮಾತನ್ನೂ ಪೂರ್ತಿ ಕೇಳುವ ಅಭ್ಯಾಸವೇ ಇರಲಿಲ್ಲ. ಗಂಡ ಬಿಡುಗಡೆಯ ಸೋಡಚೀಟಿ ಬರೆದುಕೊಟ್ಟು ತನ್ನನ್ನು ಬಿಟ್ಟರೆ ಸಾಕೆಂದು ಹೇಳಲು ನಮ್ಮಕ್ಕ ಬಾಯಿ ತೆರೆದರೆ, "ತಿಳೀತವ್ವಾ, ತಿಳೀತು" ಎಂದು ಟೋಪಿ ಸರಿಸಿ ಬರೆಯತೊಡಗಿದರು. ನಿಜಾಮರ ಕಚೇರಿಯ ಕಾರಭಾರವೆಲ್ಲ ಉರ್ದು. ನಮಗೋ ಅದರ ಒಂದಕ್ಷರವೂ ಬಾರದು. ಕೊಳಕೂರದಿಂದ ಗಾಡಿ ಕಟ್ಟಿಕೊಂಡು ಎರಡು ಸಲ ಹೋದೆವು. ಎರಡು ಸಲವೂ ಪೇಶಿಯ ತಾರೀಖು ಮುಂದಕ್ಕೆ ಹೋಯಿತು. ಮೂರನೆಯ ಸಲ ಮುನ್ಸೀಫರು, "ನಿನ್ನ ಅರ್ಜಿ ಪ್ರಕಾರ ಗಂಡ ಕರಕೊಂಡು ಹೋಗಾಕ ತಯಾರದಾನ, ಹೋಗವ್ವಾ" ಎಂದರು.

ಅಕ್ಕ ದಂಗಾದಳು. ವಕೀಲರು ಟೋಪಿ ಸರಿಸಿ, "ಹೆಣ್ಮಕ್ಕಳು ಮತ್ತೇನು ಕೇಳ್ತಾರ್ರಿ?" ಎಂದರು.

ಹೊಸ ಅರ್ಜಿಗೆ ಕೂತಾಗಲೂ ಮಸಿಗೆ ಅದ್ದಲು ಟಾಕು ಎತ್ತಿ, "ತಿಳೀತವ್ವಾ" ಎಂದರು. ಅಕ್ಕ ಮಸಿಯ ದೌತಿಯನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು.

"ಏನ್ ತಿಳೀತು, ಹೇಳ್ರಿ. ಆಮ್ಯಾಲ ಮಸಿ ಕೊಡ್ತೇನಿ."