ಗೆಳತಿಗೆ ಮಾತ್ರ ಕಳಿಸಿದ್ದು

ಒಂಬತ್ತನೇ ಕ್ಲಾಸಿನಲ್ಲಿ ನನಗಿದ್ದದ್ದು ಒಬ್ಬಳೇ ಗೆಳತಿ. ನಾನು ಬೈರಾಪಟ್ಟಣದಿಂದ ಬಸ್ಸಿನಲ್ಲಿ ಚನ್ನಪಟ್ಟಣದ ಹೈಸ್ಕೂಲಿಗೆ ಬರುತ್ತಿದ್ದೆ. ಅವಳ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ ಇತ್ತು. ಅವಳಮ್ಮ ನಡುಮನೆಯಲ್ಲಿ ಕೂತು ಮರದ ಬೊಂಬೆಗಳಿಗೆ ಕಣ್ಣು, ಮೂಗು ಬರೆಯುತ್ತಿದ್ದರು. ಮಧ್ಯಾಹ್ನ ಬೆಲ್ ಹೊಡೆದ ಕೂಡಲೇ ಅಲ್ಲಿಗೆ ಓಡಿ, ಬಣ್ಣದ ವಾಸನೆಯ ನಡುವೆ ಇಬ್ಬರೂ ಉಣ್ಣುತ್ತಿದ್ದೆವು. ಅವಳು ಕ್ಲಾಸ್ ಲೀಡರ್. ಹೊಸಬಳಾದ ನನ್ನನ್ನು ಯಾರೂ ಮಾತಾಡಿಸದಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡವಳು.

ಆ ವರ್ಷ ಗಣಿತಕ್ಕೆ ಕೋಡಿಹಳ್ಳಿ ಕಡೆಯ ಮೇಷ್ಟ್ರೊಬ್ಬರು ಬಂದರು. ಮಾತಾಡುವಾಗ ತೊದಲುತ್ತಿದ್ದರು. 'ಪ' ಅಕ್ಷರ ಬಂದರೆ ಕಣ್ಣು ಮುಚ್ಚಿ, ತುಟಿ ಬಿಗಿದು, ಕಷ್ಟಪಟ್ಟು ದಾಟುತ್ತಿದ್ದರು. ಸಂಜೆ ಬಸ್ಸು ಬರುವವರೆಗೆ ಲೆಕ್ಕದಲ್ಲಿ ಹಿಂದಿದ್ದ ನಾಲ್ಕೈದು ಮಕ್ಕಳನ್ನು ವರಾಂಡದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಅವರಲ್ಲಿ ನಾನೂ ಒಬ್ಬಳು.

ಚಳಿಗಾಲದಲ್ಲಿ ಗೆಳತಿಗೆ ಚಿಕನ್‌ಪಾಕ್ಸ್ ಬಂತು. ಎರಡು ವಾರ ಮನೆಯಲ್ಲೇ. ನಾನು ಅಮ್ಮನ ಮೊಬೈಲಿನಿಂದ ದಿನವೂ ಅವಳಿಗೆ ಪಾಠಗಳನ್ನು ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಒಂದು ಸಂಜೆ ಅವಳೇ ಫೋನ್ ಮಾಡಿದಳು.

"ಬೇಜಾರು ಕಣೇ. ಒಸಿ ಲೆಕ್ಕದ ಸಾರ್ ತರ ಮಾತಾಡಿ ಕಳ್ಸು. ನಕ್ಕು ಎಷ್ಟ್ ದಿನ ಆಯ್ತು."

"ಬ್ಯಾಡ ಕಣೇ, ಪಾಪ."

"ನಾನೊಬ್ಳೇ ಕೇಳದು. ಕೇಳಿ ಅಳಿಸ್ಬುಡ್ತೀನಿ."

ಅಮ್ಮನಿಗೆ ಕೇಳಿಸದಿರಲೆಂದು ಕೊಟ್ಟಿಗೆಗೆ ಹೋಗಿ, ವೃತ್ತದ ಪರಿಧಿಯ ಪಾಠವನ್ನು ಮೇಷ್ಟ್ರ ಹಾಗೆಯೇ ಹೇಳಿ ಕಳಿಸಿದೆ. ಚೆನ್ನಾಗಿ ಬಂದಿದೆ ಅಂತ ನನಗೇ ಹೆಮ್ಮೆಯಾಯಿತು.

ಅವಳು ಇಲ್ಲದ ದಿನಗಳಲ್ಲಿ ಹೆಡ್ ಮೇಡಮ್ ನನ್ನನ್ನು ಲೀಡರ್ ಮಾಡಿದ್ದರು. ಅವಳು ಬಂದ ಮೇಲೂ "ಇರಲಿ, ನೀನೇ ಮುಂದುವರಿಸು" ಅಂದರು. ನಾನು ಬೇಡವೆನ್ನಲಿಲ್ಲ. ಅವತ್ತು ಮಧ್ಯಾಹ್ನ ಅವಳು "ಮನೇಲಿ ನೆಂಟ್ರು ಅವ್ರೆ" ಅಂತ ಒಬ್ಬಳೇ ಊಟಕ್ಕೆ ಹೋದಳು. ಮಾರನೇ ದಿನವೂ ಹಾಗೆಯೇ.

ಶುಕ್ರವಾರ ಸಂಜೆ, ಮೇಷ್ಟ್ರುಗಳೆಲ್ಲ ಇದ್ದ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಅವಳ ನಂಬರಿನಿಂದ ನನ್ನ ದನಿ ಬಂತು. ಅವಳು ಅಳಿಸುವ ಹೊತ್ತಿಗೆ ಎಲ್ಲರೂ ಕೇಳಿಯಾಗಿತ್ತು.

ಶನಿವಾರ ಮೇಷ್ಟ್ರು ಬಂದರು. "ಕೂತ್ಕೊಳ್ಳಿ" ಅಂತಲೂ ಅನ್ನಲಿಲ್ಲ. ಪೀರಿಯಡ್ ಮುಗಿಯುವವರೆಗೂ ಬೋರ್ಡಿನ ಮೇಲೆ ಬರೆದರು, ಅಳಿಸಿದರು, ಮತ್ತೆ ಬರೆದರು. ಒಂದು ಮಾತೂ ಆಡದೆ ಹೊರಟುಹೋದರು.

ಹೆಡ್ ಮೇಡಮ್ ನಮ್ಮಿಬ್ಬರನ್ನೂ ಕರೆಸಿದರು. ಹಾಗೆ ಮಾತಾಡಿ ಕಳಿಸಲು ಹೇಳಿದ್ದು ತಾನೇ ಅಂತ ಗೆಳತಿ ಒಪ್ಪಿಕೊಳ್ಳುತ್ತಾಳೆ ಎಂದು ಅವಳ ಮುಖವನ್ನೇ ನೋಡಿದೆ.

"ಕೈ ತಪ್ಪಿ ಹೋಯ್ತು ಮೇಡಮ್," ಅಂದಳು. "ಇವ್ಳೇ ದಿನಾ ಇಂಥವ್ ಕಳಿಸೋಳು. ನಾನ್ ಬ್ಯಾಡ ಅಂತಾನೇ ಇದ್ದೆ."

ದನಿ ನನ್ನದೇ ಆಗಿತ್ತು, ಇನ್ನೇನು ಹೇಳಲಿ? ಹೊರಗೆ ಬಂದ ಮೇಲೆ ಕೇಳಿದೆ: "ಯಾಕೇ ಹಿಂಗ್ ಮಾಡ್ದೆ?"

"ನಾನ್ ಮಲ್ಗಿದ್ದಾಗ ನನ್ ಜಾಗ ತಗಂಡೆ. ಒಂದ್ ಮಾತು ಕೇಳ್ಬೇಕು ಅನ್ನುಸ್ಲಿಲ್ಲ ಅಲ್ವಾ ನಿಂಗೆ?"

ಅವಳು ಹೇಳಿದ್ದು ನಿಜವೇ. ಆದರೆ ಅವಳಿಗೆ ಸಿಟ್ಟಿದ್ದದ್ದು ನನ್ನ ಮೇಲೆ. ಅದಕ್ಕೆ ಅವಳು ಬಳಸಿಕೊಂಡಿದ್ದು ಆ ಮೇಷ್ಟ್ರನ್ನು.

ಸ್ಟಾಫ್ ರೂಮಿಗೆ ಹೋಗಿ ಅವರ ಕ್ಷಮೆ ಕೇಳಿದೆ. ನೋಟ್‌ಬುಕ್ ತಿದ್ದುತ್ತಿದ್ದವರು ತಲೆ ಎತ್ತಿದರು. "ನನ್ ಜೊತೆ ಓದಿದ್ ಹುಡುಗ್ರೂ ಹಿಂಗೇ ಮಾಡೋರು. ನೀನು ಮಾಡ್ತೀಯ ಅಂದ್ಕೊಂಡಿರ್ಲಿಲ್ಲ, ಅಷ್ಟೇ. ಸೋಮವಾರ ಸಂಜೆ ಬಾ."

ಹೋದೆ. ಮೊದಲಿನಷ್ಟೇ ತಾಳ್ಮೆಯಿಂದ ಹೇಳಿಕೊಟ್ಟರು. ಆದರೆ ನನ್ನೆದುರು 'ಪರಿಧಿ' ಅನ್ನುವ ಬದಲು 'ಸುತ್ತಳತೆ' ಅನ್ನುತ್ತಿದ್ದರು, 'ಪುಸ್ತಕ'ಕ್ಕೆ 'ಬುಕ್ಕು'. ಎರಡು ವಾರವಾದ ಮೇಲೆ ಸಂಜೆಯ ಪಾಠಕ್ಕೆ ಹೋಗುವುದನ್ನೇ ಬಿಟ್ಟೆ.

ಹೋದ ವರ್ಷ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದಳು. ಓಡಿಬಂದು ತಬ್ಬಿಕೊಂಡಳು.

"ಹೈಸ್ಕೂಲಲ್ಲಿ ನಿನ್ನಷ್ಟ್ ಕ್ಲೋಸ್ ಯಾರೂ ಇರ್ಲಿಲ್ಲ ಕಣೇ. ಯಾಕೋ ದೂರ ಆಗ್ಬುಟ್ವಿ."

ಅವಳ ಕಣ್ಣಿನಲ್ಲಿ ಏನಾದರೂ ಉಳಿದಿದೆಯಾ ಅಂತ ಹುಡುಕಿದೆ. ಏನೂ ಇರಲಿಲ್ಲ, ನಿಜಕ್ಕೂ ಮರೆತಿದ್ದಳು. ಇಷ್ಟು ವರ್ಷ ಅದನ್ನು ನಾನೊಬ್ಬಳೇ ಹೊತ್ತುಕೊಂಡಿದ್ದೆ.

"ಹೂಂ, ಯಾಕೋ," ಅಂದೆ.

ಮಾಗಡಿ ಬಸ್ಸು ಹೊರಡುತ್ತಿತ್ತು. ನನ್ನ ಬಸ್ಸು ಅದಲ್ಲದಿದ್ದರೂ ಹತ್ತಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು, ಅವಳು ಹೋಗಿರಬಹುದು ಅನ್ನಿಸಿದ ಮೇಲೆ ನಡೆದುಕೊಂಡು ವಾಪಸ್ ಬಂದೆ.