ಗಂಟಲು ನೋಯಬೇಕೆಂದವಳು

ಝರಾಸಂಗಂ ಕಡೆಯ ಧಮ್ಮಶೀಲಾ ಭೀಮ ಜಯಂತಿಯಲ್ಲಿ ಹಾಡಲು ನಿಂತರೆ, "ಈಕಿಗಿ ಮೈಕ್ ಯಾಕ ಬೇಕು" ಎನ್ನುತ್ತಿದ್ದರು. ಆ ಹೊಗಳಿಕೆಯೇ ಅವಳಿಗೆ ಪಾಠವಾಯಿತು. ಹಾಡು ಎಂದರೆ ಜೋರು, ಎತ್ತರ. ಜಹೀರಾಬಾದಿನ ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಮಷಿನ್ ತುಳಿದು, ಸಂಜೆ ಬಸ್ಸಿಳಿದು, ಹೊಲದ ಬದುವಿನಲ್ಲಿ ನಿಂತು ಮೊಬೈಲಿನ ಗಾಯಕಿಯರ ಶ್ರುತಿಗೆ ಕೂಗುತ್ತಿದ್ದಳು. ಮೊಸರು ಬಿಟ್ಟಳು, ಹಸಿ ಮೊಟ್ಟೆ ನುಂಗಿದಳು. ಗಂಟಲು ಉರಿದರೆ ಧ್ವನಿ ತೆರೆಯುತ್ತಿದೆ ಎಂದು ಖುಷಿಪಡುತ್ತಿದ್ದಳು.

ನಾರಾಯಣಖೇಡದ ಒಂದು ಮದುವೆಯಲ್ಲಿ ಹಾಡಿನ ನಡುವೆಯೇ ಧ್ವನಿ ಒಡೆಯಿತು. ಬಾಯಿ ತೆರೆದರೆ ಬರೀ ಗಾಳಿ. ಒಳಗೆ ಊತವಿದೆ, ಕೆಲವು ವಾರ ಮಾತೇ ಆಡಬಾರದು ಎಂದರು ಡಾಕ್ಟರು.

ಅಂಗಡಿಯಲ್ಲಿ ಕೈಸನ್ನೆಯಲ್ಲೇ ಅಳತೆ ಕೇಳುತ್ತಾ, ಮನೆಯಲ್ಲಿ ಅಳುತ್ತಾ ದಿನ ಕಳೆದಳು. ಹಾಡು ಹುಟ್ಟಿನಿಂದಲೇ ಬರಬೇಕು, ತನಗೆ ಬಂದಿಲ್ಲ ಎಂಬುದು ಅವಳ ಕೊರಗು. ನೋಡಲಾರದೆ ತಾಯಿ ಸಾಯಮ್ಮ ಅವಳನ್ನು ಪಾರ್ವತಿಬಾಯಿಯ ಮನೆಗೆ ಕರೆದೊಯ್ದಳು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದ ಆಕೆ ಆ ಅಂಗಡಿಯಲ್ಲೇ ಕುಪ್ಪಸ ಹೊಲಿಸುತ್ತಿದ್ದರು.

ಸಾಯಮ್ಮನಿಂದ ಎಲ್ಲ ಕೇಳಿದ ಪಾರ್ವತಿಬಾಯಿ, "ಗಂಟಲ ನೋವಾದ್ರ ರಿಯಾಜ್ ಚಲೋ ಆಗ್ಲತ್ತದಂತ ಯಾರ್ ಹೇಳ್ಯಾರವ್ವ?" ಎಂದರು.

"ಎಲ್ಲಾರೂ ಹಂಗೇ ಅಂತಾರ್ರಿ ಅಕ್ಕೋರೆ," ಎಂದು ಧಮ್ಮಶೀಲಾ ಪಿಸುಗುಟ್ಟಿದಳು.

"ಪಿಸುಪಿಸು ಮಾತಾಡಬ್ಯಾಡ, ಅದೂ ಗಂಟಲಿಗಿ ತ್ರಾಸೇ. ಸುಮ್ನ ಕುಂತು ಕೇಳು."

ಪಾರ್ವತಿಬಾಯಿ ನುಡಿಸುವ ಹಾರ್ಮೋನಿಯಂ ಕೇಳುವುದೇ ಅವಳ ಮೊದಲ ಕಲಿಕೆ. ಕೇಳುತ್ತಾ ಕೇಳುತ್ತಾ, ಇಷ್ಟು ವರ್ಷ ತಾನು ಕೂಗಿದ್ದೇ ಹೆಚ್ಚು, ಸ್ವರಕ್ಕೆ ಕಿವಿಗೊಟ್ಟಿದ್ದು ಕಡಿಮೆ ಎಂದು ಹೊಳೆಯಿತು. ಧ್ವನಿ ಮರಳಿದ ಮೇಲೆ ಪಾರ್ವತಿಬಾಯಿ ತೀರಾ ಕೆಳಗಿನ ಶ್ರುತಿ ಹಿಡಿಸಿದರು.

"ಇದು ಗಂಡಸರ ಶ್ರುತಿ ಆತಲ್ರಿ. ಜನ ನಗ್ತಾರ."

"ನಗಲಿ. ನಿನ್ನ ದನಿ ಇರೋದೇ ಇಲ್ಲಿ. ಮಂದಿ ಮನ್ಯಾಗ ಎಷ್ಟ್ ದಿನ ಇರ್ತಿ?"

ಮುಂದಿನ ಜಯಂತಿಗೆ ತಾಂಡೂರಿನಲ್ಲಿ ಅವಳು ಹಾಡುತ್ತಿದ್ದ ತಂಡದ ಮುಖಂಡ ಜೈಪಾಲ ಏರುಶ್ರುತಿಯ ಹಾಡುಗಳನ್ನೆಲ್ಲ ಇನ್ನೊಬ್ಬ ಹುಡುಗಿ ಸ್ವರೂಪಾಳಿಗೆ ಕೊಟ್ಟ. ಧಮ್ಮಶೀಲಾಳಿಗೆ ಉಳಿದದ್ದು ಒಂದು ಭೀಮ ಜೋಗುಳ. ಅವಮಾನವೆನಿಸಿತು. ಹಾಡುವಾಗ ಹಿಂದಿನಿಂದ ಯಾರೋ "ಜೋರಾಗಿ ಹಾಡಕ್ಕಾ!" ಎಂದು ಕೂಗಿದರು. ಕತ್ತಿನ ನರಗಳು ತಾವಾಗಿ ಬಿಗಿದವು. ಭುಜ ಸಡಿಲಿಸಿ, ಉಸಿರು ತುಂಬಿಕೊಂಡು, ಅದೇ ಶ್ರುತಿಯಲ್ಲಿ ಮುಂದುವರಿದಳು. ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸರು ಅವಳೊಡನೆ ಮೆಲ್ಲಗೆ ದನಿಗೂಡಿಸಿದರು.

ಇಳಿದು ಬಂದಾಗ ಸ್ವರೂಪಾ ಗಂಟಲು ಹಿಡಿದುಕೊಂಡು ಕೂತಿದ್ದಳು. "ಉರೀಲತ್ತದೇನು?" ಎಂದು ಕೇಳಿದಳು ಧಮ್ಮಶೀಲಾ. ಹುಡುಗಿ ಹೆಮ್ಮೆಯಿಂದ ತಲೆಯಾಡಿಸಿದಳು. ಧಮ್ಮಶೀಲಾ ಅವಳ ಪಕ್ಕದಲ್ಲಿ ಕೂತು, "ಐತ್ವಾರ ನನ್ನ ಜೋಡಿ ಅಕ್ಕೋರ ಮನಿಗಿ ಬಾ," ಎಂದಳು.