ಅಕ್ಕನ ಕರೆಗೆ ಫೋನೇ ಉತ್ತರ ಕೊಟ್ಟಿತು

ಗೆಳೆಯರೇ, ಅವ್ವನ ಇಳಕಲ್ ಸೀರೆಯ ಜಗಳಕ್ಕೆ ಎರಡು ವರ್ಷದಿಂದ ಮಾತು ಬಿಟ್ಟಿದ್ದ ನನ್ನ ಅಕ್ಕ ಇಂದು ಕಲಘಟಗಿಯಿಂದ ತಾನಾಗಿಯೇ ಫೋನ್ ಮಾಡಿದ್ದಳು. ನಾನು ನವಲಗುಂದದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆ. ಕರೆ ಎತ್ತಿದ್ದು ಫೋನಿನೊಳಗಿನ ಎಐ ಸಹಾಯಕಿ. ಆಡಿದ ಮಾತೆಲ್ಲ ಪರದೆಯ ಮೇಲೆ ಬರೆದಿಟ್ಟಿತ್ತು.

"ಕರೆಯ ಕಾರಣ ತಿಳಿಸಿ."

"ತಂಗಿ ಕೂಡ ಮಾತಾಡಾಕ ಕಾರಣ ಬೇಕೇನು? ಆಕಿ ದನಿ ಕೇಳಬೇಕ ಅನಸ್ತು, ಅಷ್ಟ."

"ಕ್ಷಮಿಸಿ, ಅವರಿಗೆ ಬಿಡುವಿಲ್ಲ."

ಮೊಬೈಲ್ ಅಂಗಡಿಗೆ ಓಡಿ, ಇದನ್ನು ಚಾಲೂ ಮಾಡಿದ್ದು ಯಾರೆಂದು ಕೇಳಿದೆ. "ನೀವೂ ಚಾಲೂ ಮಾಡಿಲ್ಲ, ನಾನೂ ಮಾಡಿಲ್ರಿ ಅಕ್ಕಾರ. ಅಪ್‌ಡೇಟ್ ಆದಾಗ ಅದ ಮಾಡ್ಕೊಂಡೈತಿ," ಎಂದು ಅಂಗಡಿಯವ ಅದನ್ನು ಬಂದ್ ಮಾಡಿಕೊಟ್ಟ.

ಮರಳಿ ಮಾಡಿದರೆ ಅಕ್ಕ ಎತ್ತುತ್ತಿಲ್ಲ. ಅವಳ ದನಿಗಾಗಿ ಜೀವ ಹಪಹಪಿಸುತ್ತಿದೆ. ಹುಬ್ಬಳ್ಳಿ ಬಸ್ಸಿನಲ್ಲಿ ಕೂತಿದ್ದೇನೆ, ಅಲ್ಲಿಂದ ಕಲಘಟಗಿಗೆ ಇನ್ನೊಂದು ಬಸ್ಸು. ಆ ಕರೆ ತಾನೇ ಎತ್ತಿ ನನ್ನ ಎರಡು ನಿಮಿಷ ಉಳಿಸಿಕೊಟ್ಟೆನೆಂದು ಫೋನಿನ ಪರದೆ ಇನ್ನೂ ಹೇಳುತ್ತಿದೆ.